ಅರ್ಜಿಯ ಎರಡನೇ ಪುಟ

ನಾನು ಕೆಲಸಕ್ಕೆ ಸೇರಿದ್ದು ಲೇತಿನ ಹೆಲ್ಪರ್ ಆಗಿ. ಮಾಡುತ್ತಿದ್ದದ್ದು ಕೋಳಿಗೂಡಿನ ಕೆಲಸ. ಅಲ್ಲಿಗೆ ಹೇಗೆ ಹೋಗಿ ಸಿಕ್ಕಿಕೊಂಡೆ, ಹೇಗೆ ಈಚೆ ಬಂದೆ ಅನ್ನುವುದಿಷ್ಟೇ ಇಲ್ಲಿರುವುದು.

ನಮ್ಮ ವರ್ಕ್‌ಶಾಪು ಚಾಮರಾಜಪೇಟೆ ಮುಗಿಯುವ ಕಡೆ ಇತ್ತು. ನೀರಿನ ಪಂಪು, ಮಗ್ಗಗಳಿಗೆ ಬೇಕಾದ ಕಬ್ಬಿಣದ ಸಾಮಾನು, ಇಂಥವನ್ನು ಅಲ್ಲಿ ಲೇತಿನಲ್ಲಿ ಕಡೆದು ತಯಾರು ಮಾಡುತ್ತಿದ್ದರು. ಯಜಮಾನರು ಇಂಗ್ಲಿಷ್ ದೊರೆ. ಸ್ವಾತಂತ್ರ್ಯ ಬಂದು ಎರಡು ವರ್ಷವಾಗಿತ್ತು. ಊರಿನಲ್ಲಿದ್ದ ದೊರೆಗಳು ಬಹಳ ಜನ ಗಂಟುಮೂಟೆ ಕಟ್ಟಿ ಹೋಗಿದ್ದರು. ನಮ್ಮ ದೊರೆ ಹೋಗಿರಲಿಲ್ಲ. ವರ್ಕ್‌ಶಾಪಿನ ಹಿಂದುಗಡೆಯೇ ಅವರ ಬಂಗಲೆ. ನಡುವೆ ಒಂದು ಬೇಲಿ, ಬೇಲಿಯಲ್ಲಿ ಒಂದು ಗೇಟು. ನನಗೆ ಬಂದ ಕಷ್ಟವೆಲ್ಲ ಆ ಗೇಟಿನಿಂದ ಬಂತು.

ಒಂದು ದಿನ ಬಂಗಲೆಯ ನಲ್ಲಿ ಸೋರುತ್ತಿತ್ತು. ನಮ್ಮ ಮೇಸ್ತ್ರಿ ನನ್ನನ್ನು ಕಳಿಸಿದರು. ಕಾಲು ಗಂಟೆಯಲ್ಲಿ ಸರಿ ಮಾಡಿ ಬಂದೆ. ನಾನು ಮಾಡಿದ ತಪ್ಪು ಅದು. ಅರ್ಧ ದಿನ ತೆಗೆದುಕೊಂಡು, ನೆಲವೆಲ್ಲ ನೀರು ಮಾಡಿ ಬಂದಿದ್ದರೆ ಇನ್ನೊಂದು ಸಲ ಕರೆಯುತ್ತಿರಲಿಲ್ಲ. ಮಾರನೇ ವಾರ ಜಾಲರಿ ಬಾಗಿಲು. ಆಮೇಲೆ ಗ್ರಾಮಫೋನಿನ ಕೀಲಿ. ಆಮೇಲೆ ದೊರೆಸಾನಿಯವರು ಎಲ್ಲಿಂದಲೋ ಇಪ್ಪತ್ತು ಬಿಳಿ ಕೋಳಿ ತರಿಸಿದರು. ಮುಂಗುಸಿ ಕಾಟ ಇದೆ, ಗೂಡು ಕಟ್ಟಿಕೊಡು ಅಂತ ಬಟ್ಲರ್ ಕೈಲಿ ಹೇಳಿಸಿದರು. ಗಟ್ಟಿಯಾಗಿ ಕಟ್ಟಿಕೊಟ್ಟೆ. ಕಟ್ಟಿದವನೇ ನೋಡಿಕೊಳ್ಳಲಿ ಅಂದರು. ವಾರಕ್ಕೆ ಮೂರು ದಿನ ನಾನು ಬೇಲಿಯ ಆಚೆ ಕಡೆಯವನಾದೆ. ಗೂಡು ಗುಡಿಸುವುದು, ನೀರಿಡುವುದು, ಕಾಳು ಹಾಕುವುದು, ಕಳೆದುಹೋದ ಕೋಳಿಯನ್ನು ಪಕ್ಕದ ತೋಟದಿಂದ ಹಿಡಿದು ತರುವುದು.

ನಮ್ಮದು ಲಿಂಗ ಕಟ್ಟಿಕೊಂಡಿರುವ ಮನೆ. ನನ್ನ ಅಂಗಿಯ ಮೇಲೆ ಒಂದು ಪುಕ್ಕ ಕಂಡರೆ ಸಾಕು, ಅಮ್ಮ ಹಿತ್ತಲಿನಲ್ಲೇ ನಿಲ್ಲಿಸಿ ತಲೆ ಮೇಲೆ ಎರಡು ಬಿಂದಿಗೆ ನೀರು ಸುರಿದು ಆಮೇಲೆ ಒಳಗೆ ಬಿಡುತ್ತಿದ್ದಳು. ಅದೊಂದು ದೊಡ್ಡ ವಿಷಯವಲ್ಲ. ದೊಡ್ಡ ವಿಷಯ ಬೇರೆ ಇತ್ತು.

ನಮ್ಮಲ್ಲಿ ವರ್ಷಕ್ಕೊಂದು ಸಲ, ಆಯುಧಪೂಜೆ ಆದ ಮೇಲೆ, ಹೆಲ್ಪರುಗಳಿಗೆ ಟೆಸ್ಟ್ ಇಡುತ್ತಿದ್ದರು. ಪಾಸಾದರೆ ಟರ್ನರ್. ಅಂದರೆ ನಿನ್ನದೇ ಒಂದು ಲೇತು, ನೀನೇ ಕೆಲಸಗಾರ. ಮೂರು ವರ್ಷದಲ್ಲಿ ಪಾಸಾಗದಿದ್ದರೆ ಹೊರಗೆ ಯಾರ್ಡಿಗೆ ಹಾಕುತ್ತಿದ್ದರು. ಲಾರಿಗೆ ಕಬ್ಬಿಣ ಹೇರುವ ಕೆಲಸ. ಯಾರ್ಡಿಗೆ ಹೋದವನು ಮತ್ತೆ ಒಳಗೆ ಬಂದದ್ದನ್ನು ನಾನು ನೋಡಿಲ್ಲ. ನನಗೆ ಅದು ಮೂರನೇ ವರ್ಷ.

ಗಣೇಶನ ಹಬ್ಬಕ್ಕೆ ಮುಂಚೆ ಒಂದು ದಿನ ಮೇಸ್ತ್ರಿ ಕರೆದರು.

"ಲೋ, ಟೆಸ್ಟಿಗೆ ಹೆಸ್ರು ಕೊಡ್ಬೇಕು. ನೀನು ಲೇತ್ ಮುಂದೆ ನಿಂತು ಎಷ್ಟು ದಿನ ಆಯ್ತೋ?"

"ನೀವೇ ಕಳಿಸ್ತೀರಲ್ಲ ಮೇಸ್ತ್ರಿ, ಬಂಗ್ಲೆಗೆ."

"ನಾನೆಲ್ಲಿ ಕಳಿಸ್ದೆ? ದೊರೆಸಾನಿ ಕರೀತಾರೆ, ನಿನ್ ಕಾಲು ಹೋಗುತ್ತೆ. ಟೆಸ್ಟಲ್ಲಿ ಕೋಳಿ ಹಿಡಿಯೋದು ಕೇಳಲ್ಲ ಕಣೋ."

"ಹಂಗಿದ್ರೆ ನೀವು ದೊರೆ ಹತ್ರ ಒಂದ್ ಮಾತು ಹೇಳಿ."

"ನಂಗೆ ಮೂರು ಜನ ಹೆಣ್ಮಕ್ಳಿದಾರೆ," ಅಂದರು ಮೇಸ್ತ್ರಿ.

ಅವರು ಕೆಟ್ಟವರಲ್ಲ. ದೊರೆಯ ಎದುರು ನಮ್ಮಲ್ಲಿ ಯಾರೂ ಬಾಯಿ ಬಿಡುತ್ತಿರಲಿಲ್ಲ. ಟವೆಲು ಕೈಯಲ್ಲಿ ಹಿಡಿದು, ಕಾಲಿನ ಹೆಬ್ಬೆರಳು ನೋಡುತ್ತಾ ನಿಲ್ಲುವುದು, ಏನು ಕೇಳಿದರೂ 'ಯಸ್ ಸಾರ್' ಅನ್ನುವುದು. ದೊರೆಗೆ ಕನ್ನಡದಲ್ಲಿ 'ಬಾ', 'ಬೇಗ', 'ನಾಳೆ' ಈ ಮೂರು ಮಾತು ಬರುತ್ತಿತ್ತು. ನನಗೆ ಇಂಗ್ಲಿಷಿನಲ್ಲಿ ಅಕ್ಷರ ಗೊತ್ತಿತ್ತು, ಒಂದಷ್ಟು ಸಾಮಾನಿನ ಹೆಸರು ಗೊತ್ತಿತ್ತು. ಮಿಡ್ಲ್ ಸ್ಕೂಲನ್ನು ಅರ್ಧಕ್ಕೆ ಬಿಟ್ಟವನಿಗೆ ಅದಕ್ಕಿಂತ ಜಾಸ್ತಿ ಏನು ಬರುತ್ತದೆ. ಏನಾದರೂ ಕೇಳಬೇಕಾದರೆ ಬಾಯಲ್ಲಿ ಕೇಳಬಾರದು, ಅರ್ಜಿ ಕೊಡಬೇಕು. ಅದು ಪದ್ಧತಿ. ಅರ್ಜಿ ಬರೆಯುವವರೊಬ್ಬರು ಅಂಚೆ ಕಚೇರಿಯ ಮುಂದೆ ಹೊಂಗೆ ಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಕೂತಿರುತ್ತಿದ್ದರು. ಕರೀ ಕೋಟು, ಜರಿ ಅಂಚಿನ ಪೇಟ. ಅವರ ಇಂಗ್ಲಿಷಿಗೆ ಚಿಕ್ಕಪೇಟೆಯಿಂದಲೂ ಜನ ಬರುತ್ತಿದ್ದರು. ನಾನೂ ಹೋದೆ.

"ಏನ್ ಬರೀಬೇಕು ತಮ್ಮಾ?" ಅಂದರು.

"ಕೋಳಿ ಕೆಲ್ಸ ಬೇಡ, ಲೇತ್ ಕೆಲ್ಸ ಬೇಕು ಅಂತ ಬರೀರಿ."

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ಹಂಗೆ ಬರೀತಾರೇನಪ್ಪಾ? ದೇವಸ್ಥಾನಕ್ಕೆ ಹೋದ ತಕ್ಷಣ ಗರ್ಭಗುಡಿಗೆ ನುಗ್ತೀಯಾ? ಮೊದ್ಲು ಪ್ರದಕ್ಷಿಣೆ ಹಾಕ್ಬೇಕು."

"ಎಷ್ಟು ಸುತ್ತು?"

"ದೊರೆ ಅಂದ್ರೆ ಎರಡು ಪುಟ. ಗೌರ್ನರ್ ಆದ್ರೆ ನಾಲ್ಕು."

ಟೈಪ್ ಮಾಡಿದರು. ಅಡಿಯಲ್ಲಿ ಕಾರ್ಬನ್ ಇಟ್ಟು ನನಗೊಂದು ಪ್ರತಿ ಕೊಟ್ಟರು. ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿ, ಕನ್ನಡದಲ್ಲಿ ಅರ್ಥ ಹೇಳಿದರು. ದೊರೆಯವರು ಕಲ್ಪವೃಕ್ಷವಂತೆ. ಅವರ ಬಂಗಲೆ ಈ ದೀನನ ಪಾಲಿಗೆ ಗುಡಿಯಂತೆ. ಅಲ್ಲಿ ಸೇವೆ ಮಾಡುವ ಒಂದೊಂದು ಗಳಿಗೆಯೂ ಪೂರ್ವಜನ್ಮದ ಪುಣ್ಯವಂತೆ. ದೊರೆಸಾನಿಯವರ ಮುಖ ನೋಡಿದರೆ ಹಸಿವೆ ಮರೆತುಹೋಗುತ್ತದಂತೆ. ನಾನೂ ನನ್ನ ಮುದಿ ತಾಯಿಯೂ ಬೆಳಗ್ಗೆ ಎದ್ದು ಅವರಿಬ್ಬರ ಆಯುಸ್ಸಿಗಾಗಿ ಪ್ರಾರ್ಥನೆ ಮಾಡುತ್ತೇವಂತೆ. ಎರಡನೇ ಪುಟದ ಕೊನೆಗೆ ಒಂದೇ ಒಂದು ಸಾಲು: ದೊರೆಯವರ ಚಿತ್ತಕ್ಕೆ ಬಂದರೆ ಈ ಪಾದಸೇವಕನನ್ನು ಲೇತಿನ ಕೆಲಸಕ್ಕೆ ಪರಿಗಣಿಸಬಹುದು.

"ಕೋಳಿ ಕೆಲ್ಸ ಬೇಡ ಅಂತ ಎಲ್ಲಿದೆ?" ಅಂತ ಕೇಳಿದೆ.

"ಅದು ಅವ್ರೇ ತಿಳ್ಕೋತಾರೆ. ಓದಿದವ್ರಲ್ವಾ."

ಮಾರನೇ ದಿನ ಅರ್ಜಿಯನ್ನು ಆಫೀಸಿನಲ್ಲಿ ಕೊಟ್ಟೆ. ಅದರ ಮಾರನೇ ದಿನ ದೊರೆ ಕರೆಸಿದರು. ಕುರ್ಚಿಯಿಂದ ಎದ್ದು ನಿಂತು ನನ್ನ ಕೈ ಕುಲುಕಿದರು. ಲೇತು ಸಿಕ್ಕಿಯೇಬಿಟ್ಟಿತು ಅಂದುಕೊಂಡೆ. ಅವರು ನನ್ನನ್ನು ಲೇತಿನ ಕಡೆ ಕರೆದುಕೊಂಡು ಹೋಗಲಿಲ್ಲ, ಬೇಲಿಯ ಗೇಟಿನ ಕಡೆ ಕರೆದುಕೊಂಡು ಹೋದರು. ಬಂಗಲೆಯ ವರಾಂಡದಲ್ಲಿ ದೊರೆಸಾನಿಯವರು ಅರ್ಜಿಯ ಮೊದಲನೇ ಪುಟವನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಕಣ್ಣು ಒದ್ದೆಯಾಗಿತ್ತು. ನನಗೊಂದು ಕೇಕಿನ ತುಂಡು ಕೊಟ್ಟರು, ಕೋಳಿಗೂಡಿನ ಬೀಗದ ಕೈ ಕೊಟ್ಟರು. ಬಟ್ಲರ್ ಕನ್ನಡದಲ್ಲಿ ಹೇಳಿದ: "ನಿಂಗೆ ಈ ಕೆಲ್ಸ ಅಂದ್ರೆ ಅಷ್ಟು ಪ್ರೀತಿ ಅಂತ ಅಮ್ಮಾವ್ರಿಗೆ ಗೊತ್ತೇ ಇರ್ಲಿಲ್ವಂತೆ. ಇನ್ಮೇಲೆ ದಿನಾ ಬರ್ಬೇಕಂತೆ."

ವಾರಕ್ಕೆ ಮೂರು ದಿನ ಇದ್ದದ್ದು ಆರು ದಿನ ಆಯಿತು. ಕೇಕನ್ನು ಕೋಳಿಗಳಿಗೆ ಹಾಕಿದೆ.

ವರ್ಕ್‌ಶಾಪಿನಲ್ಲಿ ಸುದ್ದಿ ಹರಡುವುದಕ್ಕೆ ಊಟದ ಗಂಟೆ ಹೊಡೆಯುವಷ್ಟು ಹೊತ್ತೂ ಹಿಡಿಯಲಿಲ್ಲ. "ಏನ್ ಗುರು, ಕೋಳಿ ಮೇಸ್ತ್ರಿ ಆದ್ಯಂತೆ," ಅಂತ ಒಬ್ಬ. "ದೇಶಕ್ಕೇ ಸ್ವಾತಂತ್ರ್ಯ ಬಂತು ಮಗಾ, ನಿನ್ನ ಅಡ್ರೆಸ್ ಸಿಕ್ಲಿಲ್ಲ ಅನ್ಸುತ್ತೆ," ಅಂತ ಇನ್ನೊಬ್ಬ. ನಾನು ಬುತ್ತಿ ಬಿಚ್ಚಿ ಉಂಡೆ. ಆಯುಧಪೂಜೆಗೆ ಆರು ವಾರ ಇತ್ತು.

ಭಾನುವಾರಗಳಲ್ಲಿ ನಾನು ಬಸವನಗುಡಿ, ಎನ್.ಆರ್. ಕಾಲೋನಿ ಕಡೆ ಮನೆಗಳಲ್ಲಿ ಸಣ್ಣಪುಟ್ಟ ರಿಪೇರಿ ಮಾಡುತ್ತಿದ್ದೆ. ಆ ಭಾನುವಾರ ಎನ್.ಆರ್. ಕಾಲೋನಿಯ ಒಂದು ಮನೆಯಲ್ಲಿ ಬಾವಿಯ ರಾಟೆ ಕಿರುಗುಟ್ಟುತ್ತಿದೆ ಅಂತ ಕರೆದಿದ್ದರು. ಆ ಮನೆಯ ರಾಯರು ಸರ್ಕಾರಿ ಕಚೇರಿಯಲ್ಲಿ ಹೆಡ್ ಕ್ಲರ್ಕ್ ಆಗಿದ್ದು ರಿಟೈರ್ ಆದವರು. ಒಬ್ಬರಾದ ಮೇಲೆ ಒಬ್ಬರಂತೆ ನಾಲ್ಕು ಜನ ಇಂಗ್ಲಿಷ್ ದೊರೆಗಳ ಕೈಕೆಳಗೆ ಕೆಲಸ ಮಾಡಿದವರು ಅಂತ ಬೀದಿಗೆಲ್ಲ ಗೊತ್ತಿತ್ತು. ನಾನು ರಾಟೆ ಬಿಚ್ಚಿ ಎಣ್ಣೆ ಹಾಕುತ್ತಾ ಅವರನ್ನು ಕೇಳಿದೆ.

"ರಾಯರೇ, ದೊರೆಗೊಂದು ಅರ್ಜಿ ಕೊಟ್ಟೆ. ಉಲ್ಟಾ ಆಯ್ತು. ಯಾಕೆ ಅಂತ ನೋಡ್ತೀರಾ?"

ಜೇಬಿನಲ್ಲಿದ್ದ ಕಾರ್ಬನ್ ಪ್ರತಿ ಕೊಟ್ಟೆ. ಅವರು ಕಟ್ಟೆಯ ಮೇಲೆ ಕೂತು ಓದಿದರು. ಮೊದಲು ತುಟಿ ಕಚ್ಚಿಕೊಂಡರು. ಆಮೇಲೆ ಹೊಟ್ಟೆ ಕುಣಿಯಿತು. ಕೊನೆಗೆ ಕನ್ನಡಕ ತೆಗೆದು ಪಂಚೆಯಲ್ಲಿ ಕಣ್ಣೊರೆಸಿಕೊಂಡರು.

"ಇದರಲ್ಲಿ ನಿನಗೆ ಬೇಕಾದ್ದು ಎಲ್ಲಿದೆಯಯ್ಯಾ?"

"ಎರಡ್ನೇ ಪುಟ, ಕೊನೇ ಸಾಲು."

"ನಾನು ಮೊದಲನೇ ಪುಟಕ್ಕೇ ನಿನಗೆ ಇನ್ನೂ ಇಪ್ಪತ್ತು ಕೋಳಿ ಕೊಡ್ತಿದ್ದೆ," ಅಂದರು. "ಆ ಜನ ಹಾಗಲ್ಲ ಕಣಯ್ಯಾ. ಹೊಗಳಿದರೆ ಹೊಗಳಿದೆ ಅಂತ ತಿಳ್ಕೋತಾರೆ. ಕೇಳಿದರೆ ಕೇಳಿದೆ ಅಂತ ತಿಳ್ಕೋತಾರೆ. ಒಂದರೊಳಗೆ ಇನ್ನೊಂದನ್ನ ಬಚ್ಚಿಟ್ಟರೆ ಹುಡುಕೋಕೆ ಹೋಗಲ್ಲ. ಬಾಯಲ್ಲಿ ಹೇಳು. ನೇರವಾಗಿ ಹೇಳು. ಮರ್ಯಾದೆಯಾಗಿ ಹೇಳು."

"ನೇರವಾಗಿ ಅಂದ್ರೆ ನಂಗೆ ಬರುತ್ತೆ. ಮರ್ಯಾದೆ ಇಂಗ್ಲಿಷಲ್ಲಿ ಹೆಂಗೆ?"

"ಕನ್ನಡದಲ್ಲಿ 'ಬನ್ನಿ', 'ಕೊಡಿ' ಅಂದ್ರೆ ಮರ್ಯಾದೆ ಒಳಗೇ ಬಂತು. ಅಲ್ಲಿ ಹೊರಗಿನಿಂದ ಹಾಕ್ಬೇಕು, ಉಪ್ಪಿನ ಹಾಗೆ. ಶುರುಗೆ ಒಂದು ಗುಡ್ ಮಾರ್ನಿಂಗ್, ಮಧ್ಯೆ ಒಂದು ಪ್ಲೀಸ್, ಕೊನೆಗೆ ಒಂದು ಥ್ಯಾಂಕ್ಯೂ. ಅಷ್ಟೇ. ಜಾಸ್ತಿ ಹಾಕಿದರೆ ಬಾಯಿಗಿಡೋಕಾಗಲ್ಲ."

ಹೀಗೆ ಶುರುವಾಯಿತು. ಮೂರು ಭಾನುವಾರ. ರಾಯರು ನನ್ನ ಕೈಯಲ್ಲಿ ಐದು ಮಾತು ಹೇಳಿಸಿದರು. ಇವತ್ತಿಗೂ ನೆನಪಿದೆ. ಸಾರ್, ಐ ಆಮ್ ಎ ಲೇತ್ ಹೆಲ್ಪರ್. ಮೈ ಟೆಸ್ಟ್ ಈಸ್ ಆಫ್ಟರ್ ಆಯುಧಪೂಜಾ. ಐ ಕೆನಾಟ್ ವರ್ಕ್ ಇನ್ ದ ಬಂಗ್ಲೋ ಆನ್ ವರ್ಕಿಂಗ್ ಡೇಸ್. ಐ ಕೆನ್ ಕಮ್ ಆನ್ ಸಾಟರ್ಡೇ ಆಫ್ಟರ್‌ನೂನ್. ಪ್ಲೀಸ್ ಲೆಟ್ ಮೀ ವರ್ಕ್ ಆನ್ ದ ಲೇತ್.

"ಶನಿವಾರ ಯಾಕೆ ಕೊಡ್ಬೇಕು?" ಅಂತ ಜಗಳ ತೆಗೆದೆ. "ಶನಿವಾರ ಮಧ್ಯಾಹ್ನ ರಜ ನಂಗೆ."

"ಬರೀ ಆಗಲ್ಲ ಅಂತ ಹೇಳಿ ನಿಂತ್ಕೊಂಡ್ರೆ ಬಾಗಿಲು ಹಾಕಿದ ಹಾಗೆ. ಆಗೋದನ್ನ ಒಂದು ಹೇಳ್ಬೇಕು. ಕಿಟಕಿ ತೆಗೆದ ಹಾಗಿರುತ್ತೆ. ಟೆಸ್ಟ್ ಆಗೋವರೆಗೆ ಮಾತ್ರ ಹೋಗು, ಸಾಯಲ್ಲ."

ಐದು ಮಾತು ಬಾಯಿಪಾಠ ಮಾಡುವುದು ಕಷ್ಟವಾಗಲಿಲ್ಲ. ಕಷ್ಟ ಆಮೇಲೆ ಬಂತು. ದೊರೆ ಒಪ್ಪದೆ ಏನಾದರೂ ಅಂದರೆ ಏನು ಮಾಡುವುದು? ರಾಯರು ಹೇಳಿದರು: ಮೊದಲು 'ಐ ಅಂಡರ್‌ಸ್ಟ್ಯಾಂಡ್, ಸಾರ್' ಅನ್ನು. ಆಮೇಲೆ ಹೇಳಿದ್ದನ್ನೇ ಇನ್ನೊಂದು ಸಲ ಹೇಳು. ದನಿ ಏರಿಸಬೇಡ.

"ಅರ್ಥ ಆಯ್ತು ಅಂದ್ಮೇಲೆ ಮತ್ಯಾಕೆ ಆಗಲ್ಲ ಅನ್ಬೇಕು?"

"ಅರ್ಥ ಆಯ್ತು ಅಂದ್ರೆ ಒಪ್ಪಿದೆ ಅಂತಲ್ಲವಯ್ಯಾ. ಅವನ ಕಷ್ಟ ನನಗೆ ಕಾಣ್ತಿದೆ ಅಂತ. ಅಷ್ಟು ಹೇಳಿದರೆ ಅವನು ನಿನ್ನ ಕಷ್ಟ ನೋಡ್ತಾನೆ."

ರಾಯರು ದೊರೆಯ ಪಾರ್ಟು ಮಾಡಿದರೆ ನನಗೆ ನಗು ಬರುತ್ತಿತ್ತು. ಪಂಚೆ ಉಟ್ಟ, ಜುಟ್ಟಿರುವ ದೊರೆ. ಮೂಲೆಯಲ್ಲಿ ಒರಳಿನ ಮುಂದೆ ಕೂತು ದೋಸೆಗೆ ರುಬ್ಬುತ್ತಿದ್ದ ಅವರ ಹೆಂಡತಿ ಇದನ್ನು ಒಂದು ವಾರ ಸಹಿಸಿಕೊಂಡರು. ಎರಡನೇ ವಾರ, "ನಿಮಗೆ ಬೈಯೋಕೇ ಬರಲ್ಲ, ಈಚೆ ಬನ್ನಿ," ಅಂದರು. ಆಕೆಗೆ ಇಂಗ್ಲಿಷ್ ಒಂದಕ್ಷರ ಬರುತ್ತಿರಲಿಲ್ಲ. ಅದರಿಂದ ಏನೂ ತೊಂದರೆಯಾಗಲಿಲ್ಲ. ಕೈಯೆಲ್ಲ ಹಿಟ್ಟು ಮೆತ್ತಿಕೊಂಡೇ ನನ್ನನ್ನು ದುರುಗುಟ್ಟಿ ನೋಡಿ ಕನ್ನಡದಲ್ಲಿ ಶುರುಮಾಡಿದರು.

"ಏನೋ ಅದು, ಬರಲ್ವಂತೆ? ಇಪ್ಪತ್ತು ಕೋಳಿ ಇದೆ, ನಿಮ್ಮಪ್ಪ ನೋಡ್ತಾನಾ? ಶಿವ ಶಿವಾ, ಏನೇನು ಮಾತು ಬರ್ತಿದೆ ನನ್ನ ಬಾಯಲ್ಲಿ. ಹೇಳೋ."

"ಐ ಅಂಡರ್‌ಸ್ಟ್ಯಾಂಡ್, ಸಾರ್. ಬಟ್ ಐ ಕೆನಾಟ್..."

"ಕೆಳಗೆ ಏನು ನೋಡ್ತೀಯಾ? ನೆಲದಲ್ಲಿ ಬರೆದಿದೆಯಾ?" ಅಂತ ಒರಳಿನ ಪಕ್ಕದ ಚೆಂಬಿನಿಂದ ನೀರು ಚಿಮುಕಿಸಿದರು. ನಾನು ತಲೆ ಬಗ್ಗಿಸಿದಾಗಲೆಲ್ಲ ನೀರು. ಆ ದಿನ ಅಂಗಿ ಪೂರ್ತಿ ಒದ್ದೆಯಾಯಿತು. ಮೂರನೇ ವಾರ ಮುಖದ ಮೇಲೆ ಎರಡೇ ಹನಿ. ನಾಲ್ಕು ಸಲ ಬೈದರು, ನಾಲ್ಕು ಸಲವೂ ಅದೇ ಮಾತನ್ನು ಅದೇ ದನಿಯಲ್ಲಿ ಹೇಳಿದೆ. ಆಕೆಗೆ ನಿಜವಾಗಿಯೂ ಸಿಟ್ಟು ಬಂತು. "ಇವನು ಹಠಮಾರಿ ರೀ, ಕೊಟ್ಬಿಡಿ ಏನು ಬೇಕೋ ಅದನ್ನ," ಅಂದರು. ರಾಯರು ನನ್ನ ಬೆನ್ನು ತಟ್ಟಿ, "ಇದೇ ಸರ್ಟಿಫಿಕೇಟು. ನಾಳೆ ಹೋಗು," ಅಂದರು.

ಸೋಮವಾರ ಬೆಳಗ್ಗೆ ಎಂಟಕ್ಕೆ ಆಫೀಸಿನ ಬಾಗಿಲಲ್ಲಿ ನಿಂತೆ. ಟವೆಲನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ. ಕೈಯಲ್ಲಿದ್ದರೆ ಅದನ್ನೇ ಹಿಂಡುತ್ತೇನೆ ಅಂತ ಗೊತ್ತಿತ್ತು. ದೊರೆ ಟೀ ಕುಡಿಯುತ್ತಿದ್ದರು. ನಾನು ಕೋಳಿಯ ವಿಷಯಕ್ಕೆ ಬಂದಿರಬೇಕು ಅಂದುಕೊಂಡು ನಕ್ಕರು.

ಗುಡ್ ಮಾರ್ನಿಂಗ್ ಹೇಳಿದೆ. ಐದು ಮಾತನ್ನೂ ಹೇಳಿದೆ. ಮಾತು ನೆಟ್ಟಗೆ ಬಂತು. ಹೇಳಿ ಮುಗಿಸಿ ದೊರೆಯ ಮುಖ ನೋಡುತ್ತಾ ನಿಂತೆ. ಹಾಗೆ ನಿಲ್ಲುವುದೇ ಎಲ್ಲಕ್ಕಿಂತ ಕಷ್ಟ. 'ತಪ್ಪಾಯ್ತು ಸಾರ್, ಬಿಡಿ ಸಾರ್' ಅಂತ ಓಡಿಹೋಗಬೇಕು ಅನ್ನಿಸುತ್ತಿತ್ತು.

ದೊರೆ ಟೀ ಕೆಳಗಿಟ್ಟರು. ಡ್ರಾಯರ್ ಎಳೆದು ನನ್ನ ಅರ್ಜಿ ತೆಗೆದರು. ಮೊದಲನೇ ಪುಟದ ಮೇಲೆ ಬೆರಳಿಟ್ಟು ಏನೋ ಕೇಳಿದರು. 'ಹ್ಯಾಪಿ' ಅನ್ನುವುದು ತಿಳಿಯಿತು. ಇಲ್ಲಿ ಸಂತೋಷವಾಗಿದ್ದೇನೆ ಅಂತ ನೀನೇ ಬರೆದಿದ್ದೀಯಲ್ಲ ಅನ್ನುವುದು ಅವರ ಪ್ರಶ್ನೆ. ಇದಕ್ಕೆ ರಾಯರು ಉತ್ತರ ಕಲಿಸಿರಲಿಲ್ಲ.

"ಸೆಕೆಂಡ್ ಪೇಜ್, ಸಾರ್," ಅಂದೆ. "ಲಾಸ್ಟ್ ಲೈನ್. ಪ್ಲೀಸ್."

ಅವರು ಪುಟ ತಿರುಗಿಸಿದರು. ಹೊಸ ಕಾಗದದ ಹಾಗೆ ಗರಗರ ಅಂತು. ಆವರೆಗೂ ಅದನ್ನು ತಿರುಗಿಸಿಯೇ ಇರಲಿಲ್ಲ. ಓದುತ್ತಾ ಓದುತ್ತಾ ಕೊನೆಯ ಸಾಲಿಗೆ ಬಂದು ನಿಂತರು. ಮತ್ತೆ ಮೊದಲನೇ ಪುಟ ನೋಡಿದರು. ಮತ್ತೆ ನನ್ನನ್ನು ನೋಡಿದರು. ಮೀಸೆಯ ಕೆಳಗೆ ನಗು ಬಂದ ಹಾಗಿತ್ತು. ಆದರೆ ಕೇಳಿದ್ದು, "ಅಂಡ್ ದ ಹೆನ್ಸ್?"

"ಐ ಅಂಡರ್‌ಸ್ಟ್ಯಾಂಡ್, ಸಾರ್. ಬಟ್ ಐ ಕೆನಾಟ್ ವರ್ಕ್ ಇನ್ ದ ಬಂಗ್ಲೋ ಆನ್ ವರ್ಕಿಂಗ್ ಡೇಸ್. ಐ ಕೆನ್ ಕಮ್ ಆನ್ ಸಾಟರ್ಡೇ ಆಫ್ಟರ್‌ನೂನ್." ಅಷ್ಟಕ್ಕೆ ನಿಲ್ಲಿಸಬೇಕಾಗಿತ್ತು. ಬಂಗಲೆಯ ತೋಟ ನೋಡುವ ಮಾಲಿ ನೆನಪಾಗಿ ಇನ್ನೊಂದು ತಾನಾಗಿ ಬಂತು: "ಐ ಕೆನ್ ಟೀಚ್ ಮಾಲಿ, ಸಾರ್."

"ಮೈ ವೈಫ್ ವಿಲ್ ಬಿ ವೆರಿ ಆಂಗ್ರಿ," ಅಂದರು ದೊರೆ.

"ಐ ಅಂಡರ್‌ಸ್ಟ್ಯಾಂಡ್, ಸಾರ್," ಅಂದೆ. ಆ ಮಾತನ್ನು ಅವತ್ತು ಮೊದಲನೇ ಸಲ ಮನಸ್ಸಿನಿಂದ ಹೇಳಿದೆ. ದೊರೆಸಾನಿಯವರಿಗೆ ಸಿಟ್ಟು ಬಂದರೆ ಆ ಮನುಷ್ಯನಿಗೆ ಏನಾಗಬಹುದು ಅಂತ ನನಗೆ ನಿಜವಾಗಿಯೂ ಅರ್ಥವಾಗಿತ್ತು.

ಅವರು ಎದ್ದರು. ಟೋಪಿ ಹಾಕಿಕೊಂಡು, "ಶೋ ಮೀ," ಅಂದರು. ಕೈಯಿಂದ ಲೇತಿನ ಕಡೆ ತೋರಿಸಿದರು.

ಇದನ್ನು ನಾನು ಎಣಿಸಿರಲಿಲ್ಲ. ಲೇತಿನ ಮುಂದೆ ಸರಿಯಾಗಿ ನಿಂತು ಎರಡು ತಿಂಗಳ ಮೇಲಾಗಿತ್ತು. ಮೇಸ್ತ್ರಿ ನಮ್ಮಿಬ್ಬರನ್ನೂ ಒಟ್ಟಿಗೆ ನೋಡಿ ಬಾಯಲ್ಲಿದ್ದ ಎಲೆ ಅಡಿಕೆ ನುಂಗಿಕೊಂಡರು. ದೊರೆ ಒಂದು ಕಬ್ಬಿಣದ ಸರಳು, ಬಳೆಯಂಥ ಒಂದು ಉಕ್ಕಿನ ರಿಂಗು ತೆಗೆದಿಟ್ಟರು. ಸರಳನ್ನು ತಿರುಗಿಸಿ, ಸವರಿ, ರಿಂಗಿನೊಳಗೆ ಬಿಗಿಯಾಗಿ ಕೂರುವ ಹಾಗೆ ಮಾಡಬೇಕು. ಟೆಸ್ಟಿನಲ್ಲಿ ಕೊಡುತ್ತಿದ್ದದ್ದೂ ಅದೇ. ಬೆಲ್ಟು ಹಾಕಿದೆ. ಲೇತು ತಿರುಗಿತು. ಸರಳಿನಿಂದ ಕಬ್ಬಿಣದ ಸುರುಳಿ ಏಳತೊಡಗಿತು. ಸುತ್ತ ಜನ ಕೆಲಸ ಬಿಟ್ಟು ನೋಡುತ್ತಿದ್ದರು. ಚೆನ್ನಾಗಿ ಬರುತ್ತಿದೆ ಅನ್ನಿಸಿ ಇನ್ನೊಂದು ಸಲ ಸವರಿದೆ. ಅದೊಂದು ಸಲ ಬೇಡವಾಗಿತ್ತು.

ಸರಳನ್ನು ದೊರೆಯ ಕೈಗೆ ಕೊಟ್ಟೆ. ಅವರು ರಿಂಗಿಗೆ ತೂರಿಸಿದರು. ಸಲೀಸಾಗಿ ಹೋಯಿತು. ಅಲ್ಲಾಡಿಸಿದರು. ಲೊಟಲೊಟ ಅಂತು.

"ವೆರಿ ಗುಡ್ ಸಾರ್, ವೆರಿ ಗುಡ್," ಅಂದರು ಮೇಸ್ತ್ರಿ. ಅವರು ನನ್ನನ್ನು ಉಳಿಸುವುದಕ್ಕೆ ನೋಡಿದರು ಅಂತ ನನಗೆ ಗೊತ್ತು. ದೊರೆ ಅವರ ಕಡೆ ತಿರುಗಲಿಲ್ಲ, ನನ್ನನ್ನೇ ನೋಡುತ್ತಾ ನಿಂತರು. ನನಗೆ ಎರಡು ದಾರಿ ಇತ್ತು. ಮೇಸ್ತ್ರಿಯ ಜೊತೆ ಸೇರಿ 'ಯಸ್ ಸಾರ್' ಅನ್ನಬಹುದಿತ್ತು. ಅಥವಾ ಕಣ್ಣಿಗೆ ಕಂಡದ್ದನ್ನು ಹೇಳಬಹುದಿತ್ತು. ಲೊಟಲೊಟ ಅನ್ನುವುದನ್ನು ಇಡೀ ವರ್ಕ್‌ಶಾಪು ಕೇಳಿಸಿಕೊಂಡಿತ್ತು. ಅದನ್ನು ಇಲ್ಲ ಅನ್ನುವುದು ಹೇಗೆ.

"ನೋ, ಸಾರ್," ಅಂದೆ. "ಇಟ್ ಈಸ್ ಸ್ಮಾಲ್. ಮೈ ಮಿಸ್ಟೇಕ್. ಐ ಕೆನ್ ಡು. ಪ್ಲೀಸ್ ಗಿವ್ ತ್ರೀ ವೀಕ್ಸ್." ಇದನ್ನು ಯಾರೂ ಕಲಿಸಿರಲಿಲ್ಲ. ಒಟ್ಟು ಸರಿಯೋ ತಪ್ಪೋ, ಬಂದದ್ದು ಹಾಗೆ. ಥ್ಯಾಂಕ್ಯೂ ಬಾಕಿ ಉಳಿದಿದೆ ಅಂತ ನೆನಪಾಗಿ ಅದನ್ನೂ ಸೇರಿಸಿದೆ.

ದೊರೆ ರಿಂಗನ್ನು ಇನ್ನೊಂದು ಸಲ ಅಲ್ಲಾಡಿಸಿ ಬೆಂಚಿನ ಮೇಲಿಟ್ಟರು. ಮೇಸ್ತ್ರಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿ, ನನಗೆ ಕನ್ನಡದಲ್ಲಿ, "ನಾಳೆ. ಬೇಗ. ಬಾ," ಅಂದು ಹೊರಟುಹೋದರು. ಅವರಿಗೆ ಬರುತ್ತಿದ್ದ ಕನ್ನಡವೆಲ್ಲ ಅಲ್ಲಿಗೆ ಖರ್ಚಾಯಿತು.

"ಏನಂದ್ರು ಮೇಸ್ತ್ರಿ?"

"ನಾಳೆಯಿಂದ ನೀನು ಲೇತ್ ಬಿಟ್ಟು ಅಲ್ಲಾಡಿದ್ರೆ ನನ್ನ ಕೇಳ್ತಾರಂತೆ," ಅಂದರು ಮೇಸ್ತ್ರಿ. "ನಿನ್ನ ದೆಸೆಯಿಂದ ಅರ್ಧ ಎಲೆ ಅಡಿಕೆ ಹಾಳಾಯ್ತು."

ಆ ಮೂರು ವಾರ ನಾನು ತಿರುಗಿಸಿದಷ್ಟು ಸರಳನ್ನು ಆ ಮೂರು ವರ್ಷದಲ್ಲಿ ತಿರುಗಿಸಿರಲಿಲ್ಲ. ಮೊದಲನೇ ವಾರ ಹತ್ತಕ್ಕೆ ಏಳು ಲೊಟಲೊಟ. ಮೇಸ್ತ್ರಿ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತು, "ಸಾಕು, ಆಸೆ ಬೀಳ್ಬೇಡ, ಟೂಲ್ ತೆಗಿ," ಅಂತ ಹೇಳುತ್ತಿದ್ದರು. ನನ್ನ ರೋಗ ಅದೇ ಆಗಿತ್ತು. ಚೆನ್ನಾಗಿ ಬಂದ ಮೇಲೂ ಇನ್ನೊಂದು ಸಲ ಸವರುವುದು. ಎರಡನೇ ವಾರಕ್ಕೆ ಬಿಟ್ಟುಹೋಯಿತು.

ಶನಿವಾರ ಮಧ್ಯಾಹ್ನ ಮಾತಿನಂತೆ ಬಂಗಲೆಗೆ ಹೋದೆ. ದೊರೆಸಾನಿಯವರು ಎರಡು ಶನಿವಾರ ನನ್ನ ಜೊತೆ ಮಾತಾಡಲಿಲ್ಲ. ವರಾಂಡದಿಂದ ಬೇರೆ ಕಡೆ ನೋಡುತ್ತಾ ಕೂತಿರುತ್ತಿದ್ದರು. ನಾನು ಮಾಲಿಗೆ ಗೂಡಿನ ಚಿಲಕ ಹಾಕುವುದು, ನೀರಿನ ಡಬ್ಬ ತೊಳೆಯುವುದು ತೋರಿಸಿಕೊಟ್ಟೆ. ಅವನು ಹಳ್ಳಿಯಲ್ಲಿ ಕೋಳಿ ಸಾಕಿದವನು. ನನಗೇ ಹತ್ತು ವಿಷಯ ಹೇಳಿಕೊಟ್ಟ. "ಇಷ್ಟು ದಿನ ನನ್ನನ್ನ ಯಾರೂ ಕೇಳ್ಲೇ ಇಲ್ವಲ್ಲಣ್ಣ," ಅಂದ. ಮೂರನೇ ಶನಿವಾರದ ಹೊತ್ತಿಗೆ ಕೋಳಿಗಳು ಮುಂಚೆಗಿಂತ ಜಾಸ್ತಿ ಮೊಟ್ಟೆ ಇಡುತ್ತಿದ್ದವು. ದೊರೆಸಾನಿಯವರು ಅವತ್ತು ನನ್ನನ್ನು ನೋಡಿ ತಲೆಯಾಡಿಸಿದರು. ಬೀಗದ ಕೈ ವಾಪಸ್ ಕೊಟ್ಟೆ. "ಥ್ಯಾಂಕ್ಯೂ, ಮೇಡಮ್," ಅಂದೆ. ಅವರೂ ಏನೋ ಅಂದರು. ಬಟ್ಲರ್ ಅಲ್ಲಿರಲಿಲ್ಲ, ಹಾಗಾಗಿ ಏನು ಅಂತ ಗೊತ್ತಿಲ್ಲ. ದನಿ ಮೆತ್ತಗಿತ್ತು.

ಆಯುಧಪೂಜೆಯ ದಿನ ಲೇತುಗಳಿಗೆಲ್ಲ ಸೇವಂತಿಗೆ ಹಾರ ಹಾಕಿ, ಬಾಗಿಲಲ್ಲಿ ಬೂದುಗುಂಬಳ ಒಡೆದು, ಪುರಿ ಕಡ್ಲೆ ಹಂಚಿದರು. ಹಬ್ಬ ಕಳೆದು ಎರಡು ದಿನಕ್ಕೆ ಟೆಸ್ಟು. ನಾವು ಮೂರು ಜನ ಹೆಲ್ಪರುಗಳು. ಹಾರದ ಒಣಗಿದ ಎಸಳು ಇನ್ನೂ ಲೇತಿನ ಸಂದಿಯಲ್ಲಿತ್ತು. ಬೆಲ್ಟು ಹಾಕಿದೆ. ಸರಳು ತಿರುಗಿತು. ಸುರುಳಿ ಎದ್ದಿತು. ಚೆನ್ನಾಗಿ ಬಂತು ಅನ್ನಿಸಿದ ಕೂಡಲೇ ಟೂಲನ್ನು ಹಿಂದೆ ಎಳೆದು ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡೆ. ದೊರೆ ಬಂದು ರಿಂಗು ತೂರಿಸಿದರು. ಅರ್ಧಕ್ಕೆ ನಿಂತಿತು. ಅಂಗೈಯಿಂದ ಒಂದು ಏಟು ಹಾಕಿದರು, ಪೂರ್ತಿ ಕೂತಿತು. ಅಲ್ಲಾಡಿಸಿದರು. ಸದ್ದಿಲ್ಲ.

ಮೇಸ್ತ್ರಿ ಜೇಬಿನಿಂದ ಸೀಮೆಸುಣ್ಣ ತೆಗೆದು ಮೂಲೆಯ ಲೇತಿನ ಮೇಲೆ ನನ್ನ ನಂಬರು ಬರೆದರು. ಅಮ್ಮ ಆ ಸಂಜೆ ಶಾವಿಗೆ ಪಾಯಸ ಮಾಡಿದಳು. ಒಂದು ಡಬ್ಬಿಯಲ್ಲಿ ಹಾಕಿಸಿಕೊಂಡು ಎನ್.ಆರ್. ಕಾಲೋನಿಗೆ ಹೋದೆ. ರಾಯರು ಬಾಯಿ ತುಂಬಾ ತಿಂದರು. ಅವರ ಹೆಂಡತಿ, "ಕೋಳಿ ಏನಾಯ್ತೋ?" ಅಂತ ಮೊದಲು ಕೇಳಿದರು.

ಮಾರನೇ ದಿನ ನನ್ನ ಲೇತಿನ ಮುಂದೆ ನಿಂತೆ. ಅದು ಗೋದಾಮಿನ ಗೋಡೆಯ ಪಕ್ಕ, ಕಿಟಕಿಯಿಂದ ದೂರ. ಸರಳಿನ ಮೇಲಿನ ಗೀಟು ಕಾಣಬೇಕಾದರೆ ಮೂಗು ತಾಗಿಸಿಕೊಂಡು ನೋಡಬೇಕು.

"ಮೇಸ್ತ್ರಿ, ಇಲ್ಲಿ ಬೆಳಕು ಸಾಲ್ದು. ಒಂದು ಬಲ್ಬ್ ಹಾಕಿಸ್ಬೇಕು."

"ನಂಗ್ಯಾಕೆ ಹೇಳ್ತೀಯಾ?" ಅಂದರು ಮೇಸ್ತ್ರಿ, ಎಲೆಗೆ ಸುಣ್ಣ ಹಚ್ಚುತ್ತಾ. "ಆಫೀಸಲ್ಲಿದಾರೆ. ನಿಂಗೇ ಬರುತ್ತಲ್ಲ ಇಂಗ್ಲಿಷು."

ಅದೂ ನಿಜವೇ. ಬೆಲ್ಟು ಬಿಚ್ಚಿ ಆಫೀಸಿನ ಕಡೆ ನಡೆದೆ. ಬಲ್ಬಿಗೆ ಐದು ಮಾತು ಬೇಕಿಲ್ಲ, ಎರಡು ಸಾಕು ಅಂತ ದಾರಿಯಲ್ಲೇ ತೀರ್ಮಾನ ಮಾಡಿದೆ.